ನಟ್ಟಿನ ಮೇಲಿನ ಹಳದಿ ಗೆರೆ

ಹದಿನೇಳನೇ ತಾರೀಕು, ಮಂಗಳವಾರ, ಬೆಳಿಗ್ಗೆ 9.20. ಬಂದರು ಠಾಣೆಯ ದಫೇದಾರರು ಹಾಜರಿ ಪುಸ್ತಕ ಮುಚ್ಚುತ್ತಿದ್ದಾಗ ಹೆಂಗಸೊಬ್ಬಳು ಒಳಗೆ ಬಂದಳು. ಕೂರಲು ಹೇಳುವ ಮೊದಲೇ ಮಾತು ಹೊರಬಂತು.

"ನನ್ನ ಗಂಡ ನಿದ್ದೆ ಮಾಡಿರ್ಲಿಲ್ಲ. ಅದನ್ನ ಬರ್ಕೊಳ್ಳಿ."

ದಫೇದಾರರಿಗೆ ವಿಷಯ ತಿಳಿದಿತ್ತು. ಶನಿವಾರ ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಬೋಟು ಕಟ್ಟುವ ದಕ್ಕೆಯಿಂದ ಆಗಷ್ಟೇ ಹೊರಟಿದ್ದ ಒಂದು ಮೀನುಬೋಟಿನ ಇಂಜಿನ್ ಬಂದರಿನ ಬಾಯಿಯಲ್ಲಿ ನಿಂತುಹೋಗಿ, ಬೋಟು ಅಲೆತಡೆಯ ಕಲ್ಲುಗಳಿಗೆ ಬಡಿದಿತ್ತು. ನಾಲ್ವರಲ್ಲಿ ಮೂವರು ಕಲ್ಲು ಹಿಡಿದು ಮೇಲೆ ಬಂದರು. ಕೆಳಗೆ ಇಂಜಿನ್ ಕೋಣೆಯಲ್ಲಿದ್ದ ಡ್ರೈವರ್ ಬರಲಿಲ್ಲ. ಅಸಹಜ ಸಾವಿನ ವರದಿಯೊಂದನ್ನು ಬರೆದು, ಶವವನ್ನು ಮನೆಯವರಿಗೆ ಕೊಟ್ಟು ಕಡತ ಕಟ್ಟಿಡಲಾಗಿತ್ತು. ಇವಳು ಆ ಡ್ರೈವರನ ಹೆಂಡತಿ.

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಮಹಿಳಾ ಕಾನ್‌ಸ್ಟೆಬಲ್ ಕಾಗದ ತೆಗೆದುಕೊಂಡಳು. ಠಾಣೆಯಲ್ಲಿ ಅಕ್ಷರ ದುಂಡಗಿದ್ದವಳು ಅವಳೊಬ್ಬಳೇ. ಹಾಗಾಗಿ ಬರೆಯುವುದೆಲ್ಲ ಅವಳ ಪಾಲಿಗೆ ಬರುತ್ತಿತ್ತು.

"ನಿದ್ದೆ ಮಾಡಿದ್ರು ಅಂತ ಹೇಳಿದ್ದು ಯಾರು?"

"ಬೋಟಿನ ಯಜಮಾನ್ರು. ಕೆಳಗೆ ಮಲ್ಕೊಂಡಿದ್ದ, ಇಂಜಿನ್ ನಿಂತಿದ್ದೂ ಗೊತ್ತಾಗ್ಲಿಲ್ಲ ಅಂತ. ಈಗ ದಕ್ಕೇಲಿ ಎಲ್ರ ಬಾಯಲ್ಲೂ ಅದೇ. ನಿನ್ನೆ ಶಾಲೇಲಿ ನನ್ನ ಮಗಳನ್ನ ಕುಂಭಕರ್ಣನ ಮಗಳು ಅಂದ್ರಂತೆ."

"ಕುಡೀತಿದ್ರಾ?"

"ಇಲ್ಲ."

"ಹಿಂದಿನ ರಾತ್ರಿ?"

"ಎಂಟೂವರೆಗೇ ಮಲಗಿದ್ರು. ಬೋಟು ಹೋಗೋ ಹಿಂದಿನ ದಿನ ಕೋಳಿಗಿಂತ ಮೊದ್ಲು ಮಲಗೋರು. ನಾವೇ ನಗಾಡ್ತಿದ್ವಿ."

"ದೂರು ಯಾರ ಮೇಲೆ?"

"ಯಾರ ಮೇಲಾದ್ರೂ ಆಗ್ಲಿ ಸಾರ್. ಇಂಜಿನ್ ಯಾಕೆ ನಿಂತೋಯ್ತು ಅಂತ ಗೊತ್ತಾಗ್ಬೇಕು. ತಪ್ಪು ಅವ್ರದ್ದಲ್ಲ ಅಂತ ಒಂದು ಕಾಗದದ ಮೇಲೆ ಇರ್ಬೇಕು. ಮಗಳಿಗೆ ತೋರ್ಸೋಕೆ."

ಅವಳ ಹಿಂದೆ ಗೋಡೆಗೆ ಒರಗಿ ಒಬ್ಬ ಮುದುಕ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ.

"ಇವ್ರು?"

"ನಮ್ಮಪ್ಪ."

"ಇವ್ರನ್ನ ಗೊತ್ತಿಲ್ವಾ ಸಾರ್? ಗೆರೆ ಮೇಸ್ತ್ರಿ," ಎಂದರು ದಫೇದಾರರು. "ದಕ್ಕೆಯ ಅರ್ಧ ಇಂಜಿನ್ನುಗಳಿಗೆ ಇವ್ರೇ ಸೂಲಗಿತ್ತಿ."

ಮೇಸ್ತ್ರಿ ನಗಲಿಲ್ಲ. "ಬೇಡ ಅಂತ ಎಷ್ಟು ಹೇಳಿದ್ರೂ ಕೇಳ್ತಿಲ್ಲ ಸಾರ್ ಇವಳು. ಬರ್ಸಿದ್ರೆ ಹೋದೋನು ಬರ್ತಾನಾ?"

"ನೀವು ಸುಮ್ನಿರಿ ಅಪ್ಪ," ಎಂದಳು ಮಗಳು.

ದೂರಿಗೆ ಸಾಕ್ಷಿಯಾಗಿ ಸಹಿ ಹಾಕಲು ಕಾನ್‌ಸ್ಟೆಬಲ್ ಪೆನ್ನು ಚಾಚಿದಳು. ಮೇಸ್ತ್ರಿ ಹೆಬ್ಬೆಟ್ಟು ಒತ್ತಿದ. ಅವನ ಜೇಬಿನಲ್ಲಿ ಒಂದು ಪೆನ್ನೂ, ಓದುವ ಕನ್ನಡಕವೂ ಇದ್ದವು. ಕಾನ್‌ಸ್ಟೆಬಲ್ ಅವನ್ನು ನೋಡುತ್ತಲೇ ಶಾಯಿಯ ಪ್ಯಾಡು ಮುಚ್ಚಿದಳು. ಹೊರಡುವಾಗ ಮಗಳು ಅಪ್ಪನ ಅಂಗಿಯ ಬಿಚ್ಚಿದ್ದ ಮೇಲಿನ ಗುಂಡಿ ಹಾಕಿದಳು. "ವಯಸ್ಸಾದ್ಮೇಲೆ ಸೋಮಾರಿ ಆಗಿದ್ದಾರೆ. ಬೆಳಿಗ್ಗೆ ಎಲ್ಲಾ ಗುಂಡೀನೂ ನಾನೇ ಹಾಕ್ಬೇಕು," ಎಂದಳು, ಯಾರಿಗೆಂದಿಲ್ಲದೆ.

10.15ಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಕಾಲಂನಲ್ಲಿ 'ಅಪರಿಚಿತ' ಎಂದು ಬರೆಯಲಾಯಿತು.

ಬೋಟಿನ ಚುಕ್ಕಾಣಿ ಹಿಡಿಯುತ್ತಿದ್ದವನು ಮನೆಯಲ್ಲಿ ಮುರಿದ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಇನ್‌ಸ್ಪೆಕ್ಟರ್ ಅಲ್ಲಿಗೆ ಹೋದಾಗ ಹೊತ್ತು 11.40.

"ಇಂಜಿನ್ ನಿಲ್ಲೋ ಮೊದ್ಲು ಏನಾಯ್ತು?"

"ಕೆಮ್ತು. ಎರಡು ಮೂರು ಸಲ."

"ಡ್ರೈವರ್ ಏನಂದ?"

ಅವನು ಬಾಗಿಲ ಕಡೆ ನೋಡಿದ. "'ಗಾಳಿ ಎಳೀತಿದೆ, ಐದು ನಿಮಿಷ ಕೊಡಣ್ಣ' ಅಂತ ಕೆಳಗಿಂದ ಕೂಗ್ದ."

"ಅಂದ್ರೆ ಎಚ್ಚರವಾಗಿದ್ದ."

"ಯಜಮಾನ್ರು ನಿದ್ದೆ ಅಂತ ಹೇಳು ಅಂದ್ರು ಸಾರ್. ಸತ್ತೋನಿಗೇನು ನಷ್ಟ ಅಂದ್ರು. ನನಗೂ ಮುಂದೆ ಬೋಟು ಬೇಕಲ್ಲ."

"ಗಾಳಿ ಎಲ್ಲಿಂದ ಬಂತು?"

"ಗೊತ್ತಿಲ್ಲ. ಶುಕ್ರವಾರ ಡೀಸೆಲ್ ಪೈಪಲ್ಲಿ ಒಂದು ಚಿಕ್ಕ ಸೋರಿಕೆ ಇತ್ತು. ನಿಮಿಷಕ್ಕೆ ಒಂದೆರಡು ಹನಿ. ಸಂಜೆ ಮೇಸ್ತ್ರಿ ಬಂದು ರಿಪೇರಿ ಮಾಡಿ ಗೆರೆ ಎಳೆದಿದ್ರು. ಆ ಗೆರೆ ನಾನೇ ಕಣ್ಣಾರೆ ನೋಡ್ದೆ. ಗೆರೆ ಕಾಣ್ದೆ ನಮ್ಮ ದಕ್ಕೇಲಿ ಯಾರೂ ಹಗ್ಗ ಬಿಚ್ಚಲ್ಲ."

ಗೆರೆಯ ಪದ್ಧತಿ ಸರಳವಾದದ್ದು. ನಟ್ಟನ್ನು ಕೊನೆಯ ಬಾರಿ ಬಿಗಿ ಮಾಡಿದ ಮೇಲೆ ಮೇಸ್ತ್ರಿ ಅದರಿಂದ ಪಕ್ಕದ ಪೈಪಿನವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಇಂಜಿನ್ ಅದುರಿ ನಟ್ಟು ಸಡಿಲವಾದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಮೂವತ್ತು ವರ್ಷಗಳಿಂದ ದಕ್ಕೆಯವರು ನಂಬಿದ್ದು ಆ ಗೆರೆಯನ್ನು.

ಯಜಮಾನನನ್ನು ಕೇಳಿದಾಗ ಅವನು ತಡವರಿಸಲಿಲ್ಲ. "ಸರಿ, ನಿದ್ದೆ ಮಾಡಿರ್ಲಿಲ್ಲ ಅಂತಾನೇ ಇಟ್ಕೊಳ್ಳಿ. ಆದ್ರೆ ಪೈಪು ನೋಡ್ಕೊಳ್ಳೋದು ಡ್ರೈವರ್ ಕೆಲಸ ತಾನೇ? ತಪ್ಪು ಎಲ್ಲಿಗೆ ಹೋಯ್ತು? ಅವನ ತಲೆ ಮೇಲೇ ಕೂತಿದೆ."

ಮಧ್ಯಾಹ್ನ 3.15ಕ್ಕೆ ಪಂಚನಾಮೆ ಶುರುವಾಯಿತು. ಬೋಟನ್ನು ಮರಳ ಮೇಲೆ ಎಳೆದು ಪಕ್ಕಕ್ಕೆ ವಾಲಿಸಿ ಇಟ್ಟಿದ್ದರು. ಪಂಚರಿಬ್ಬರು: ಬೇರೆ ದಕ್ಕೆಯ ಒಬ್ಬ ಮೆಕ್ಯಾನಿಕ್ ಮತ್ತು ಐಸ್ ಫ್ಯಾಕ್ಟರಿಯ ಗುಮಾಸ್ತ. ಇಂಜಿನ್ ಕೋಣೆಯಲ್ಲಿ ಮೊಣಕಾಲೂರಿ ಕೂರುವಷ್ಟೇ ಜಾಗ. ಡೀಸೆಲ್ ವಾಸನೆ, ಒದ್ದೆ ಮರಳು, ಒಂಟಿ ಚಪ್ಪಲಿ. ಪಂಪಿನ ಕೆಳಗೆ ಒಂದು ಸ್ಪ್ಯಾನರ್ ಬಿದ್ದಿತ್ತು.

ಮೆಕ್ಯಾನಿಕ್ ಟಾರ್ಚ್ ಹಿಡಿದ. "ನೋಡಿ, ಗಾಳಿ ಬಿಡೋ ಸ್ಕ್ರೂ ಅರ್ಧ ಬಿಚ್ಚಿದೆ. ಅಂದ್ರೆ ನೀರು ನುಗ್ಗೋವರ್ಗೂ ಗಾಳಿ ತೆಗೀತಾನೇ ಇದ್ದಾನೆ. ಪಾಪ, ಓಡಿದ್ರೆ ಬದುಕ್ತಿದ್ದ."

ಕಾನ್‌ಸ್ಟೆಬಲ್ ಬರೆದಳು. 'ಪಾಪ' ಎಂಬುದನ್ನು ಬಿಟ್ಟು ಉಳಿದದ್ದನ್ನು.

ಟ್ಯಾಂಕಿನಿಂದ ಬರುವ ಪೈಪು ಪಂಪಿಗೆ ಸೇರುವ ಕಡೆ ಹಿತ್ತಾಳೆಯ ನಟ್ಟು. ಅದರ ಮೇಲೆ ಹಳದಿ ಗೆರೆ, ನೆಟ್ಟಗೆ. ಮೊದಲು ಫೋಟೋ ತೆಗೆಯಲಾಯಿತು. ಆಮೇಲೆ ಮೆಕ್ಯಾನಿಕ್ ಎರಡು ಬೆರಳಿನಿಂದ ನಟ್ಟು ತಿರುಗಿಸಿದ. ಶೀಶೆಯ ಮುಚ್ಚಳದ ಹಾಗೆ ತಿರುಗಿತು. ಒಳಗಿನ ತಿರುಪಿನ ಎಳೆಗಳ ನಡುವೆ ಹಸಿರು ಬಣ್ಣದ ಏನೋ ಮೆತ್ತಿಕೊಂಡಿತ್ತು. ಅವನು ಮೂಸಿ ನೋಡಿದ.

"ಸೋಪು."

"ಸೋಪು ಯಾಕೆ?"

"ಡೀಸೆಲ್‌ಗೆ ಸೋಪು ಕರಗಲ್ಲ ಸಾರ್. ಸಮುದ್ರದಲ್ಲಿ ಸೋರಿದ್ರೆ ದಡ ಸೇರೋವರ್ಗೆ ತಿಕ್ಕಿ ತಡೀತೀವಿ. ಆದ್ರೆ ದಡದಲ್ಲಿ ನಿಂತ ಬೋಟಿಗೆ ಯಾವನೂ ತಿಕ್ಕಲ್ಲ. ಇಲ್ಲಿ ನಟ್ಟು ಓರೆಯಾಗಿ ಕೂತು ಎಳೆ ಹಾಳಾಗಿದೆ, ಬಿಗಿ ಆಗಿಲ್ಲ. ನಿಂತಾಗ ಸೋಪು ಹನಿ ತಡೆದಿದೆ. ಇಂಜಿನ್ ಓಡಿ ಅದುರಿದಾಗ ಸೋಪು ಬಿಟ್ಕೊಂಡು, ಪಂಪು ಡೀಸೆಲ್ ಬದ್ಲು ಗಾಳಿ ಎಳೆದಿದೆ." ಅವನು ನಟ್ಟನ್ನೇ ನೋಡುತ್ತ ಕೂತ. "ಕಲಿಯೋರು ಮಾಡೋ ತಪ್ಪು ಇದು. ನಟ್ಟು ಓರೆಗೆ ಹತ್ತಿದ್ರೆ ಬೆರಳಿಗೇ ಗೊತ್ತಾಗುತ್ತೆ ಸಾರ್. ಕಣ್ಣೂ ಬೇಡ."

ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದ್ದಳು. ನಟ್ಟು ತಿರುಗಿಸುವ ಮೊದಲು ತೆಗೆದ ಫೋಟೋವನ್ನು ಇನ್‌ಸ್ಪೆಕ್ಟರ್ ಮುಂದೆ ಹಿಡಿದಳು.

"ಸಾರ್, ನಟ್ಟು ಆಮೇಲೆ ಸಡಿಲ ಆಗಿದ್ರೆ ಗೆರೆ ತುಂಡಾಗ್ಬೇಕಿತ್ತಲ್ವಾ? ನೆಟ್ಟಗಿದೆ. ಹೇಗೆ ಬರೀಲಿ?"

ಇನ್‌ಸ್ಪೆಕ್ಟರ್ ಅವಳನ್ನು ನೋಡಿದರು, ಆಮೇಲೆ ಫೋಟೋವನ್ನು.

"ಗೆರೆ ಎಳೆಯುವಾಗಲೇ ನಟ್ಟು ಸಡಿಲವಾಗಿತ್ತು ಅಂತ ಬರಿ."

ವಾಪಸು ಬರುವಾಗ ಜೀಪಿನಲ್ಲಿ ದಫೇದಾರರು, "ಬೇರೆ ಯಾರಾದ್ರೂ ಬಣ್ಣ ಬಳಿದಿರ್ಬಹುದಲ್ವಾ ಸಾರ್?" ಎಂದರು. ತಮಗೇ ನಂಬಿಕೆಯಿಲ್ಲದ ದನಿ.

ಹದಿನೆಂಟನೇ ತಾರೀಕು, ಬೆಳಿಗ್ಗೆ 8.10. ಮೇಸ್ತ್ರಿಯ ಶೆಡ್ಡು ದಕ್ಕೆಯ ತುದಿಯಲ್ಲಿತ್ತು. ಗೋಡೆಗೆ ಸ್ಪ್ಯಾನರುಗಳನ್ನು ಅಳತೆಯ ಸಾಲಿನಲ್ಲಿ ತೂಗುಹಾಕಿದ್ದ. ಕಿಟಕಿಯ ಮೇಲೆ ಹಳದಿ ಬಣ್ಣದ ಡಬ್ಬಿ. ನಲ್ಲಿಯ ಪಕ್ಕ ಹಸಿರು ಬಾರ್ ಸೋಪು, ಅದರ ಒಂದು ಮೂಲೆಯನ್ನು ಉಗುರಿನಿಂದ ಕೆತ್ತಿ ತೆಗೆದಂತಿತ್ತು.

ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಬೋಲ್ಟು, ಒಂದು ನಟ್ಟು ಇಟ್ಟರು.

"ಹಾಕಿ."

ಮೇಸ್ತ್ರಿ ನಟ್ಟು ತೆಗೆದುಕೊಂಡ. ಮೊದಲ ಸಲ ಅದು ಓರೆಯಾಗಿ ಹತ್ತಿತು. ಬಿಚ್ಚಿ ಮತ್ತೆ ಇಟ್ಟ. ಮೂರನೇ ಸಲ ನಟ್ಟು ಕೈಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಖಾಲಿ ಬೆರಳುಗಳು ಇನ್ನೂ ತಿರುಗಿಸುತ್ತಲೇ ಇದ್ದವು. ಸದ್ದು ಕೇಳಿದ ಮೇಲೆ ಕೆಳಗೆ ನೋಡಿದ.

"ಎಷ್ಟು ದಿನದಿಂದ?"

"ವರ್ಷ ಆಯ್ತು ಸಾರ್. ಬೆರಳು ಮರದ ತುಂಡು. ಬಿಸಿ ಗೊತ್ತಾಗಲ್ಲ, ಎಳೆ ಗೊತ್ತಾಗಲ್ಲ."

"ಯಾರಿಗೆ ಗೊತ್ತಿತ್ತು?"

"ಅಳಿಯನಿಗೆ. ನಾನು ಕೂರಿಸಿದ ನಟ್ಟನ್ನೆಲ್ಲ ಅವನು ಬಂದು ಇನ್ನೊಂದ್ಸಲ ಬಿಗಿ ಮಾಡೋನು. ಆಮೇಲೆ ನಾನು ಗೆರೆ ಎಳೆಯೋದು. ಅವನು ಮನೇಲಿ ನನ್ನ ಮಗಳಿಗೂ ಬಾಯಿ ಬಿಡ್ಲಿಲ್ಲ."

"ಶುಕ್ರವಾರ?"

ಮೇಸ್ತ್ರಿ ಬಣ್ಣದ ಡಬ್ಬಿಯ ಕಡೆ ನೋಡಿದ.

"ನಾಲ್ಕು ಗಂಟೆಗೆ ಬಲೆ ಹತ್ರ ಎಲ್ರೂ ಕೂತಿದ್ವಿ. 'ಮೇಸ್ತ್ರಿ, ಚಹಾ ಯಾಕೆ ಚೆಲ್ತೀರಿ' ಅಂತ ಯಾರೋ ಕೇಳಿದ್ರು. ಅಳಿಯ ಮಾತು ಮರೆಸೋಕೆ, 'ಮಾವನ ಕೈ ಈಗ ಗೆರೆ ಎಳೆಯೋಕೆ ಮಾತ್ರ, ಬಾಕಿದ್ದೆಲ್ಲ ನಂದೇ' ಅಂದ. ಎಲ್ರೂ ನಕ್ರು. ನಾನೂ ನಕ್ಕೆ. ಅವನು ಐಸ್ ತುಂಬಿಸೋಕೆ ಹೋದಾಗ ನಾನೊಬ್ನೇ ಕೆಳಗಿಳಿದೆ. ನಟ್ಟು ಕೂರ್ಲಿಲ್ಲ. ಹನಿ ನಿಲ್ಲಲಿಲ್ಲ. ಸೋಪು ತಿಕ್ಕಿದೆ, ನಿಂತೋಯ್ತು. ಅವನು ಬರೋದ್ರೊಳಗೆ ಗೆರೆ ಎಳೆದ್ಬಿಟ್ಟೆ."

"ಅವನು ನೋಡಿದ್ನಾ?"

"ನೋಡ್ದ. ಗೆರೆ ನೋಡ್ದ, ನನ್ನ ಮುಖ ನೋಡ್ದ. 'ನೀವೇ ಮಾಡಿದ್ರಾ ಮಾವ?' ಅಂದ. ಹೂಂ ಅಂದೆ. ಜೇಬಿಂದ ಸ್ಪ್ಯಾನರ್ ತೆಗೆದಿದ್ದ. ವಾಪಸ್ ಇಟ್ಕೊಂಡ."

ಹೊರಗೆ ಯಾರೋ ಒಂದು ಇಂಜಿನ್ ಚಾಲೂ ಮಾಡಿದರು. ಅದು ಸಮವಾಗಿ ಓಡತೊಡಗುವವರೆಗೆ ಮೇಸ್ತ್ರಿ ತಲೆ ಓರೆ ಮಾಡಿ ಕೇಳಿಸಿಕೊಂಡ.

"ಹೋಗಿ ಬರೋವರ್ಗೆ ತಡಿಯುತ್ತೆ ಅನ್ಕೊಂಡಿದ್ದೆ ಸಾರ್. ಬಂದ್ಮೇಲೆ ಅವನಿಗೇ ಹೇಳಿ ಸರಿ ಮಾಡಿಸ್ಬೇಕು ಅನ್ಕೊಂಡಿದ್ದೆ. ಇಂಜಿನ್ ನಿಂತಾಗ ಅವನು ಆ ನಟ್ಟು ಮುಟ್ಟಿದ್ನಾ?"

"ಇಲ್ಲ."

"ಮುಟ್ಟಲ್ಲ. ಗೆರೆ ಇತ್ತಲ್ಲ."

ಸೋಪು, ಬಣ್ಣದ ಡಬ್ಬಿ, ಕುಂಚ: ಮೂರನ್ನೂ ಜಪ್ತಿ ಮಾಡಿ ಮೊಹರು ಹಾಕಲಾಯಿತು.

11.30ಕ್ಕೆ ಮೇಸ್ತ್ರಿಯ ಮಗಳನ್ನು ಠಾಣೆಗೆ ಕರೆಸಲಾಯಿತು. ಇನ್‌ಸ್ಪೆಕ್ಟರ್ ಅವಳಪ್ಪನ ಹೇಳಿಕೆಯ ಪ್ರತಿಯನ್ನೇ ಮುಂದಿಟ್ಟರು. ಅವಳು ಎರಡು ಸಲ ಓದಿದಳು. ಎರಡನೇ ಸಲ ಬೆರಳಿಟ್ಟು, ಸಾಲು ಸಾಲಾಗಿ.

"ನಿದ್ದೆ ಮಾಡಿರ್ಲಿಲ್ಲ ಅಂತ ಇದೆ ಅಲ್ವಾ ಇದ್ರಲ್ಲಿ?"

"ಪಂಚನಾಮೆಯಲ್ಲಿದೆ. ಕೊನೇವರೆಗೂ ಕೆಲಸ ಮಾಡ್ತಿದ್ರು ಅಂತ."

"ಅದರ ಒಂದು ಪ್ರತಿ ಕೊಡ್ತೀರಾ?"

"ಕೊಡ್ತೀವಿ."

ಅವಳು ತಲೆಯಾಡಿಸಿದಳು. ಹೇಳಿಕೆಯನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿ ಕೇಳಿದಳು: "ದೂರು ವಾಪಸ್ ತಗೊಳ್ಳೋಕೆ ಆಗುತ್ತಾ?"

"ಇಲ್ಲಮ್ಮ. ಈಗ ಅದು ನಿಮ್ಮ ಕೈಲಿಲ್ಲ."

"ನಾನೇ ಅಲ್ವಾ ಯಾರ ಮೇಲಾದ್ರೂ ಆಗ್ಲಿ ಅಂದಿದ್ದು," ಎಂದಳು ಅವಳು. "ಮಗಳಿಗೆ ಈ ಕಾಗದ ಹೇಗೆ ತೋರ್ಸ್ಲಿ? ತಾತ ಎಲ್ಲಿ ಅಂತ ಕೇಳ್ತಾಳೆ."

12.05ಕ್ಕೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಬಂಧನ ಪತ್ರದಲ್ಲಿ 'ಮಾಹಿತಿ ನೀಡಲಾದ ಹತ್ತಿರದ ಸಂಬಂಧಿ' ಎಂಬ ಕಾಲಂ ಇರುತ್ತದೆ. ಕಾನ್‌ಸ್ಟೆಬಲ್ ಅಲ್ಲಿ 'ಮಗಳು' ಎಂದು ಬರೆದು, ಕಾಗದವನ್ನು ಫಿರ್ಯಾದಿಯ ಕಡೆಗೇ ತಿರುಗಿಸಿದಳು. ಅವಳು ಸಹಿ ಹಾಕಿದಳು.

ಲಾಕಪ್ಪಿಗೆ ಕರೆದೊಯ್ಯುವಾಗ ಮೇಸ್ತ್ರಿ ಅವಳ ಮುಂದೆ ನಿಂತ. ಅಂಗಿಯ ಗುಂಡಿಗಳೆಲ್ಲ ಬಿಚ್ಚಿದ್ದವು. ಅಂದು ಬೆಳಿಗ್ಗೆ ಅವನು ಮಗಳು ಏಳುವ ಮೊದಲೇ ಶೆಡ್ಡಿಗೆ ಹೋಗಿದ್ದ. ಅವಳ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಮಗಳ ಶಾಲೆ ಮಧ್ಯಾಹ್ನದ ಊಟಕ್ಕೆ ಬಿಡುವ ಹೊತ್ತಾಯಿತೆಂದು ಹೇಳಿ ಎದ್ದು ಹೋದಳು.

ಸಂಜೆ ನಾಲ್ಕಕ್ಕೆ ಕಾನ್‌ಸ್ಟೆಬಲ್ ಠಾಣೆಯ ದಿನಚರಿ ಬರೆಯಲು ಕೂತಳು. ಕೃತ್ಯಕ್ಕೆ ಕಾರಣ ಎಂಬಲ್ಲಿ, 'ಆರೋಪಿಯು ತನ್ನ ಬೆರಳುಗಳಲ್ಲಿ ಸ್ಪರ್ಶಜ್ಞಾನವಿಲ್ಲದಿರುವುದನ್ನು ಮರೆಮಾಚಿ ಕೆಲಸ ಮಾಡಿದ್ದು' ಎಂದು ಬರೆದಳು. ಬಲೆಯ ಹತ್ತಿರದ ನಗುವಿನ ವಿಷಯಕ್ಕೆ ಅಲ್ಲಿ ಜಾಗವಿರಲಿಲ್ಲ. ಕಂಬಿಯ ಆಚೆ ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ, ತಲೆ ತಗ್ಗಿಸಿ, ತನ್ನ ಅಂಗಿಯ ಮೊದಲನೆಯ ಗುಂಡಿಯನ್ನು ತೂತಿಗೆ ಸೇರಿಸಲು ನೋಡುತ್ತಿದ್ದ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೂ ನೋಡುತ್ತಲೇ ಇದ್ದ.