ಒಂದೇ ಮೈದಾನ, ಆರು ಮಿಡತೆ

ಕಂಪ್ಯೂಟರ್ ಪರದೆಯ ಮೇಲೆ ಮಿಡತೆ ನಿಂತಲ್ಲೇ ಇದ್ದಳು. ಅವಳ ಹಿಂದಿನ ಗೋಡೆ ಮಾತ್ರ ಓಡುತ್ತಿತ್ತು.

"ಇದೇನೇ ಇದು? ಹಾರಿದ್ದು ನಾನಾ, ಗೋಡೇನಾ?" ಎಂದು ಮಿಡತೆ ಕೇಳಿದಳು.

ಬುಗುರಿ ತೆಗೆದ ಫೋಟೋಗಳನ್ನು, ಫೋಟೋ ಸ್ಟುಡಿಯೋ ನಡೆಸುವ ಅವಳ ಅತ್ತೆ ಒಂದಾದ ಮೇಲೊಂದು ತೋರಿಸುತ್ತಿದ್ದರು. ಎಲ್ಲದರಲ್ಲೂ ಮಿಡತೆ ಸರಿಯಾಗಿ ನಡುವೆ ಇದ್ದಳು. ಸ್ಟುಡಿಯೋ ಹಿಂದಿನ ಗೋಡೆಯ ಕಿಟಕಿ ಮಾತ್ರ ಒಂದರಲ್ಲಿ ಬಲಕ್ಕಿದ್ದರೆ ಇನ್ನೊಂದರಲ್ಲಿ ಎಡಕ್ಕಿತ್ತು. ಕೊನೆಯದರಲ್ಲಿ ಕಿಟಕಿಯೇ ಇರಲಿಲ್ಲ.

"ಅವಳು ಓಡಿದ ಕಡೆಗೆಲ್ಲ ಕ್ಯಾಮೆರಾ ತಿರುಗಿಸಿದ್ದೀಯ," ಎಂದರು ಅತ್ತೆ. "ನಮಗೆ ಬೇಕಾಗಿರೋದು ಒಂದೇ ಗೋಡೆ, ಅದರ ಮುಂದೆ ತುಂಬಾ ಮಿಡತೆ. ಕ್ಯಾಮೆರಾ ಕಲ್ಲಿನ ಹಾಗೆ ಇರಬೇಕು. ಅವಳು ಅದರ ಮುಂದೆ ಹಾದು ಹೋಗಬೇಕು. ನೀನು ಗುಂಡಿ ಒತ್ತಿ ಹಿಡಿದರೆ ಸಾಕು, ಟಕಟಕ ಅಂತ ಒಂದು ಸೆಕೆಂಡಿಗೆ ಎಂಟು ಫೋಟೋ ಬೀಳತ್ತೆ. ಆಮೇಲೆ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡೋಣ."

"ನಾನೂ ಕಲ್ಲಾಗಬೇಕಾ?" ಎಂದು ಬುಗುರಿ ಕೇಳಿದಳು.

"ನೀನೇ ಮೊದಲು ಆಗಬೇಕು," ಎಂದರು ಅತ್ತೆ.

ಮಿಡತೆ ಕಿಸಕ್ಕನೆ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ? ಇಬ್ಬರಿಗೂ ಹೆಸರಿಟ್ಟವರು ಶಾಲೆಯ ಪಿಟಿ ಮೇಷ್ಟ್ರು. ಉದ್ದ ಕಾಲಿನ, ಲಾಂಗ್ ಜಂಪ್ ಹಾರುವ ಹುಡುಗಿ ಮಿಡತೆ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸುತ್ತುವ ಹುಡುಗಿ ಬುಗುರಿ. ಬುಗುರಿ ಊಟಕ್ಕೆ ಕೂತರೂ ಒಂದು ಕಾಲು ಅಡುಗೆಮನೆಯಲ್ಲಿ, ಇನ್ನೊಂದು ಕಾಲು ಬೀದಿಯಲ್ಲಿ ಎಂದು ಅವಳ ಅಮ್ಮ ಹೇಳುವುದುಂಟು. ಅಂಥವಳನ್ನು ಕಲ್ಲಾಗು ಎನ್ನುವುದೂ ಒಂದೇ, ಗಾಳಿಯನ್ನು ಡಬ್ಬಿಯಲ್ಲಿಡು ಎನ್ನುವುದೂ ಒಂದೇ.

ಆದರೆ ಈ ಫೋಟೋ ಬರಲೇಬೇಕಿತ್ತು. ಅದಕ್ಕೆ ಕಾರಣ ಮಿಡತೆಯ ಅಪ್ಪ.

ಅವರು ಲಾರಿ ಓಡಿಸುತ್ತಾರೆ. ವಾರಗಟ್ಟಲೆ ದಾರಿಯಲ್ಲೇ ಇರುತ್ತಾರೆ. ಮಗಳ ಸ್ಪೋರ್ಟ್ಸ್ ಡೇ ಬಂದಾಗಲೆಲ್ಲ ಅವರ ಲಾರಿ ಇನ್ನೆಲ್ಲೋ ಇರುತ್ತದೆ. ಹೋದ ವರ್ಷ ಮಿಡತೆ ಮೆಡಲ್ ಹಾಕಿಕೊಂಡು ನೆಟ್ಟಗೆ ನಿಂತ ಫೋಟೋವನ್ನು ಅವರು ಕ್ಯಾಬಿನ್ನಿನಲ್ಲಿ, ಗಾಜಿನ ಮೇಲುಗಡೆ ಅಂಟಿಸಿಕೊಂಡಿದ್ದರು. ಅಂಟಿಸುವಾಗ ಒಂದು ಮಾತು ಹೇಳಿದ್ದರಂತೆ: "ಚೆನ್ನಾಗಿದೆ ಮಗಳೇ. ಆದರೆ ಇದರಲ್ಲಿ ನೀನು ನಿಂತಿದ್ದೀಯಲ್ಲ. ನೀನು ಹಾರೋದನ್ನ ನಾನು ನೋಡೇ ಇಲ್ಲ."

ವಿಡಿಯೋ ಮಾಡಿ ಕಳಿಸೋಣ ಎಂದು ಬುಗುರಿ ಹೇಳಿ ನೋಡಿದ್ದಳು. ಮಿಡತೆಯ ಅಪ್ಪನ ಫೋನಿನಲ್ಲಿ ಇರುವುದು ಬರೀ ಅಂಕಿಗಳ ಗುಂಡಿ. ಅಲ್ಲದೆ, "ವಿಡಿಯೋನ ಲಾರಿಯಲ್ಲಿ ಅಂಟಿಸೋಕಾಗತ್ತಾ?" ಎಂದು ಮಿಡತೆ ಕೇಳಿದಾಗ ಬುಗುರಿ ಆ ಯೋಚನೆ ಕೈಬಿಟ್ಟಳು. ಈ ಸಲ ಸ್ಪೋರ್ಟ್ಸ್ ಡೇ ಮುಗಿದ ರಾತ್ರಿ ಅಪ್ಪ ಮನೆಗೆ ಬರುತ್ತಾರೆ, ಮಾರನೆಯ ಬೆಳಗ್ಗೆಯೇ ಮತ್ತೆ ಹೊರಡುತ್ತಾರೆ. ಹೊರಡುವ ಮೊದಲು ಓಟ, ಹಾರಾಟ, ಮರಳಿನಲ್ಲಿ ಬೀಳುವುದು ಎಲ್ಲ ಇರುವ ಒಂದೇ ಚಿತ್ರ ಅವರ ಕೈಸೇರಬೇಕು. "ನಾನು ತೆಗೀತೀನಿ," ಎಂದು ಬುಗುರಿ ಎದೆ ತಟ್ಟಿ ಹೇಳಿಬಿಟ್ಟಿದ್ದಳು. ಅತ್ತೆಗೆ ಆ ದಿನ ಸಂಜೆಯವರೆಗೂ ಮದುವೆಯ ಫೋಟೋ ಕೆಲಸ. ಹಾಗಾಗಿ ಸ್ಟುಡಿಯೋದ ಚಿಕ್ಕ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಜೊತೆಗೆ ಎಲ್ಲ ಭಾರ ಬುಗುರಿಯ ತಲೆಗೇ ಬಂತು.

ಅವಳು ಕಲ್ಲಾಗುವುದನ್ನು ಕಲಿಯತೊಡಗಿದಳು. ಬಾಯಿಗೆ ಬ್ರಷ್ ಇಟ್ಟುಕೊಂಡು ಕನ್ನಡಿಯ ಮುಂದೆ ಅಲ್ಲಾಡದೆ ನಿಂತಳು. ಅಮ್ಮ ಗಾಬರಿಯಾಗಿ ಹಣೆ ಮುಟ್ಟಿ, ಜ್ವರ ಏನಾದರೂ ಬಂತಾ ಎಂದು ವಿಚಾರಿಸಿದರು. ಬಸ್ ಸ್ಟಾಪಿನಲ್ಲಿ ನಿಂತಳು. ಬಸ್ಸು ಬಂದರೂ ನಿಂತೇ ಇದ್ದಳು, ಮಿಡತೆ ಅವಳ ಬ್ಯಾಗ್ ಹಿಡಿದು ಒಳಗೆಳೆದುಕೊಳ್ಳಬೇಕಾಯಿತು.

ಸ್ಪೋರ್ಟ್ಸ್ ಡೇ ಹಿಂದಿನ ಸಂಜೆ ಅತ್ತೆ ಕೊನೆಯ ಪಾಠ ಹೇಳಿದರು. ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ತೂಗುಹಾಕು. ಮರಳಿನ ಗುಂಡಿ ಅಡ್ಡಡ್ಡ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲು. ಗುಂಡಿ ಒತ್ತುವುದಕ್ಕೆ ಒಂದೇ ಬೆರಳು. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ, ಸ್ಟ್ಯಾಂಡ್ ಮುಟ್ಟಲೇಬೇಡ. ಬುಗುರಿ ಎಲ್ಲಕ್ಕೂ ಹೂಂ ಹೂಂ ಎಂದಳು.

ಮರುದಿನ ಮೈದಾನದ ತುಂಬ ಸದ್ದು. ಬುಗುರಿ ಮರಳಿನ ಗುಂಡಿಯ ಪಕ್ಕ ಸ್ಟ್ಯಾಂಡ್ ನಿಲ್ಲಿಸಿ, ಚೀಲ ತೂಗುಹಾಕಿ, ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಎದುರಿಗೆ ಪಿಟಿ ಮೇಷ್ಟ್ರ ಕುರ್ಚಿ, ಪಕ್ಕದಲ್ಲಿ ನೀಲಿ ಬಣ್ಣದ ನೀರಿನ ಡ್ರಮ್ಮು, ಹಿಂದೆ ಕಾಂಪೌಂಡ್ ಗೋಡೆ. ಒಬ್ಬೊಬ್ಬರಿಗೆ ಮೂರು ಅವಕಾಶ.

ಮೊದಲ ಸಲ ಮಿಡತೆ ಹಾರಿದಾಗ ಯಾರದೋ ತಾತ ಛತ್ರಿ ಹಿಡಿದು ಕ್ಯಾಮೆರಾದ ಮುಂದೆಯೇ ನಿಧಾನವಾಗಿ ನಡೆದುಹೋದರು. ಎಂಟು ಫೋಟೋದಲ್ಲೂ ಛತ್ರಿಯೇ ಛತ್ರಿ. ಎರಡನೆಯ ಸಲ ಮಿಡತೆಯ ಕಾಲು ಹಾರುವ ಮುನ್ನ ತುಳಿಯಬೇಕಾದ ಬಿಳಿ ಹಲಗೆಯನ್ನು ದಾಟಿಬಿಟ್ಟಿತು. ಮೇಷ್ಟ್ರು ಕೆಂಪು ಬಾವುಟ ಎತ್ತಿದರು. ಫೌಲ್.

ಉಳಿದದ್ದು ಒಂದೇ. ಮಿಡತೆ ದೂರದಿಂದ ಬುಗುರಿಯನ್ನು ನೋಡಿದಳು. ಬುಗುರಿ ತಲೆಯಾಡಿಸಿದಳು. ಒಂದೇ ಬೆರಳನ್ನು ನಂಬಲಾರದೆ, ಬೆನ್ನ ಹಿಂದಿದ್ದ ಕೈಯನ್ನು ಮೆಲ್ಲಗೆ ತಂದು ಸ್ಟ್ಯಾಂಡಿನ ಕುತ್ತಿಗೆ ಹಿಡಿದುಕೊಂಡಳು. ಸುಮ್ಮನೆ, ಒಂದು ಧೈರ್ಯಕ್ಕೆ.

ಮಿಡತೆ ಓಡಿ ಬಂದಳು. ಬುಗುರಿ ಗುಂಡಿ ಒತ್ತಿದಳು. ಟಕಟಕಟಕ. ಮಿಡತೆಯ ಕಾಲು ಬಿಳಿ ಹಲಗೆಯನ್ನು ಸರಿಯಾಗಿ ತುಳಿದು ಮೇಲೆದ್ದಿತು. ಅಂಥ ಹಾರಾಟವನ್ನು ಬುಗುರಿ ಎಂದೂ ಕಂಡಿರಲಿಲ್ಲ. ಹಾರುತ್ತಾಳೆ, ಹಾರುತ್ತಾಳೆ, ಕೆಳಗೆ ಬರುವ ಯೋಚನೆಯೇ ಇಲ್ಲ ಅವಳಿಗೆ. ಕೊನೆಗೆ ಮರಳು ಎರಡೂ ಕಡೆ ಚಿಮ್ಮಿತು.

ತನ್ನ ಕಾಲು ಎರಡೂ ನೆಲ ಬಿಟ್ಟಿದ್ದವು ಎಂದು ಬುಗುರಿಗೆ ತಿಳಿದದ್ದು ಅವು ಮತ್ತೆ ನೆಲಕ್ಕೆ ಬಡಿದಾಗ. ಕೈಯಲ್ಲಿ ಸ್ಟ್ಯಾಂಡ್ ಇತ್ತು. ಕಲ್ಲಿನ ಚೀಲ ಗಡಿಯಾರದ ಲೋಲಕದಂತೆ ತೂಗಾಡುತ್ತಿತ್ತು.

ಕ್ಯಾಮೆರಾದ ಪುಟ್ಟ ಪರದೆ ನೋಡಿದಾಗ ಅವಳ ಮುಖ ಸಪ್ಪಗಾಯಿತು. ಮೊದಲ ಮೂರು ಫೋಟೋ ನೇರ. ನಾಲ್ಕನೆಯದರಿಂದ ಮೈದಾನ ಇಳಿಯುತ್ತಾ, ವಾಲುತ್ತಾ ಹೋಗಿತ್ತು. ಎರಡರಲ್ಲಿ ಮಿಡತೆಗೆ ತಲೆಯೇ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಲೆ ತುಂಬ ಮರಳು ಮಾಡಿಕೊಂಡು ಮಿಡತೆ ಓಡಿ ಬಂದಳು. ಅವಳಿಗೆ ಫಸ್ಟ್ ಪ್ರೈಜ್ ಬಂದಿತ್ತು. ಆದರೆ ಅವಳು ಕೇಳಿದ್ದು ಬೇರೆ.

"ಬಂತಾ?"

"ಹೂಂ," ಎಂದಳು ಬುಗುರಿ. ಅತ್ತೆಗೆ ತೋರಿಸಬೇಕು ಎಂದು ಏನೋ ಗೊಣಗಿ, ಕ್ಯಾಮೆರಾ ಎದೆಗವಚಿಕೊಂಡು ಅಲ್ಲಿಂದ ಕಾಲ್ಕಿತ್ತಳು.

ಸಂಜೆ ಅತ್ತೆ ಮದುವೆಮನೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬುಗುರಿ ಎಲ್ಲವನ್ನೂ ಒದರಿದಳು. ಅತ್ತೆ ಬೈಯುತ್ತಾರೆಂದು ಕಾದಳು. ಅತ್ತೆ ಫೋಟೋಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈದಿದ್ದರೇ ವಾಸಿ ಎನಿಸಿತು ಬುಗುರಿಗೆ. ಅವಳ ಕಣ್ಣು ತುಂಬಿಕೊಂಡದ್ದು ಕಂಡು ಅತ್ತೆ ನಗು ನಿಲ್ಲಿಸಿ, ಪಕ್ಕಕ್ಕೆ ಸ್ಟೂಲು ಎಳೆದು ಕೂರಿಸಿಕೊಂಡರು.

"ನೀನು ಅಲ್ಲಾಡಿದೆ, ಕ್ಯಾಮೆರಾ ಅಲ್ಲಾಡ್ತು. ಸರಿ. ಅಲ್ಲಿ ಅಲ್ಲಾಡದೇ ಇದ್ದಿದ್ದು ಯಾವುದು, ಹೇಳು."

ಬುಗುರಿ ಕಣ್ಣೊರೆಸಿಕೊಂಡು ಪರದೆಯನ್ನು ದಿಟ್ಟಿಸಿದಳು. "ಮೇಷ್ಟ್ರ ಕುರ್ಚಿ," ಎಂದಳು. ಇನ್ನಷ್ಟು ಹತ್ತಿರ ಬಗ್ಗಿ, "ನೀಲಿ ಡ್ರಮ್ಮು. ಬಿಳಿ ಹಲಗೆ."

"ಹಾಗಾದ್ರೆ ಡ್ರಮ್ಮಿನ ಮೇಲೆ ಡ್ರಮ್ಮು ಕೂರಿಸು, ಕುರ್ಚಿ ಮೇಲೆ ಕುರ್ಚಿ. ಉಳಿದಿದ್ದೆಲ್ಲ ತಾನಾಗೇ ಬಂದು ಕೂರತ್ತೆ."

ಕೆಲಸ ಹೇಳಿದಷ್ಟು ಸುಲಭವಾಗಿರಲಿಲ್ಲ. ವಾಲಿದ ಫೋಟೋವನ್ನು ಒಂದು ಕೂದಲೆಳೆಯಷ್ಟು ತಿರುಗಿಸಬೇಕು. ಡ್ರಮ್ಮು ಸರಿಯಾದರೆ ಕುರ್ಚಿ ತಪ್ಪುತ್ತಿತ್ತು, ಕುರ್ಚಿ ಸರಿಯಾದರೆ ಹಲಗೆ ಎರಡಾಗುತ್ತಿತ್ತು. ಬುಗುರಿ ಮೌಸ್ ಹಿಡಿದು, ತುಟಿ ಕಚ್ಚಿಕೊಂಡು, ಮತ್ತೆ ಮತ್ತೆ ಕೂರಿಸಿದಳು. ಅತ್ತೆ ಕಾಫಿ ಮಾಡಿಕೊಂಡು ಬಂದು ಕುಡಿದು ಮುಗಿಸಿದರು. ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಬಂದ ಇಬ್ಬರನ್ನು ಕಳಿಸಿದರು. ತಿರುಗಿ ನೋಡಿದರೆ ಬುಗುರಿ ಸ್ಟೂಲಿನ ಮೇಲೆ ಹಾಗೇ ಇದ್ದಳು. ಅತ್ತೆ ಹುಬ್ಬೇರಿಸಿದರು.

ತಲೆಯಿಲ್ಲದ ಎರಡು ಫೋಟೋ ಬಿಟ್ಟು ಉಳಿದವು ಕೂತವು. ಒಂದೇ ಮೈದಾನದಲ್ಲಿ ಆರು ಮಿಡತೆ. ಒಬ್ಬಳು ಓಡಿ ಬರುತ್ತಿದ್ದಳು, ಒಬ್ಬಳು ಹಲಗೆ ತುಳಿಯುತ್ತಿದ್ದಳು, ಗಾಳಿಯಲ್ಲಿ ಮೂವರು, ಕೊನೆಯವಳ ಸುತ್ತ ಮರಳು ಚಿಮ್ಮುತ್ತಿತ್ತು. ಬುಗುರಿಗೆ ಉಸಿರು ಬಂದಂತಾಯಿತು.

ಆದರೆ ಚಿತ್ರದ ಅಂಚು? ಎಡಗಡೆ ನೇರವಾಗಿದ್ದದ್ದು, ಬಲಗಡೆಗೆ ಬರುತ್ತಾ ಸರಿಯಾಗಿ ಜೋಡಿಸದ ಇಸ್ಪೀಟೆಲೆಗಳಂತೆ ಮೇಲೇರಿ ಮೆಟ್ಟಿಲುಮೆಟ್ಟಿಲಾಗಿತ್ತು.

"ಬಲಗಡೆಯ ಈ ಸೊಟ್ಟ ಅಂಚು ಕತ್ತರಿಸಿಬಿಟ್ರೆ ನೀನು ಅಲ್ಲಾಡಿದ್ದು ಯಾರಿಗೂ ಗೊತ್ತಾಗಲ್ಲ," ಎಂದರು ಅತ್ತೆ. ಪರದೆಯ ಮೇಲೆ ಕತ್ತರಿಸಿಯೂ ತೋರಿಸಿದರು. ಚಿತ್ರ ಚೊಕ್ಕವಾಯಿತು. ಆದರೆ ಬಲತುದಿಯಲ್ಲಿದ್ದ ಕೊನೆಯ ಮಿಡತೆ ಹೋದಳು, ಜೊತೆಗೆ ಮರಳೂ ಹೋಯಿತು. ಉಳಿದ ಐವರು ಯಾವತ್ತೂ ಕೆಳಗೆ ಬರದವರಂತೆ ಕಾಣುತ್ತಿದ್ದರು.

ಬುಗುರಿ ಆ ಚೊಕ್ಕ ಚಿತ್ರವನ್ನು ಆಸೆಯಿಂದ ನೋಡಿದಳು. ಇದನ್ನು ಕೊಟ್ಟರೆ ಮಿಡತೆಗೆ ಏನೂ ಹೇಳಬೇಕಾಗಿಲ್ಲ. ಮೈದಾನದಲ್ಲಿ ಅಂದ 'ಹೂಂ' ಕೂಡ ಸುಳ್ಳಾಗುವುದಿಲ್ಲ. ಆಮೇಲೆ ಅವಳಿಗೆ ಮಿಡತೆಯ ತಲೆಯಲ್ಲಿದ್ದ ಮರಳು ನೆನಪಾಯಿತು.

"ಕತ್ತರಿಸೋದು ಬೇಡ ಅತ್ತೆ. ಹಾಗೇ ಪ್ರಿಂಟ್ ಹಾಕಿ."

ಬೆಳಗ್ಗೆ ಲಾರಿ ಬೀದಿಯ ತುದಿಯಲ್ಲಿ ನಿಂತಿತ್ತು. ಮಿಡತೆಯ ಅಪ್ಪ ಮುಂದಿನ ಗಾಜು ಒರೆಸುತ್ತಿದ್ದರು. ಬುಗುರಿ ಚಿತ್ರವನ್ನು ಬೆನ್ನ ಹಿಂದೆ ಹಿಡಿದುಕೊಂಡು ಮೊದಲು ಮಿಡತೆಯ ಹತ್ತಿರ ಹೋದಳು.

"ನಿನ್ನೆ ಹೂಂ ಅಂದೆನಲ್ಲ, ಆಗ ಸರಿಯಾಗಿ ಬಂದಿರಲಿಲ್ಲ. ನಾನು ಅಲ್ಲಾಡಿಬಿಟ್ಟೆ ಕಣೇ."

ಮಿಡತೆಯ ಮುಖ ಬಾಡಿತು. ಬುಗುರಿ ಚಿತ್ರವನ್ನು ಮುಂದೆ ಹಿಡಿದಳು. ಮಿಡತೆ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಅದನ್ನು ಕಿತ್ತುಕೊಂಡು ಅಪ್ಪನ ಹತ್ತಿರ ಓಡಿದಳು.

ಅವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಚಿತ್ರ ಹಿಡಿದರು. ಓಡಿ ಬರುವ ಮಗಳ ಮೇಲೆ ಬೆರಳಿಟ್ಟು, ಹಲಗೆ, ಗಾಳಿ, ಮತ್ತೆ ಗಾಳಿ ದಾಟಿ, ಮರಳಿನವರೆಗೂ ಬೆರಳನ್ನು ಮೆಲ್ಲಗೆ ಎಳೆದರು. ಇನ್ನೊಮ್ಮೆ ಮೊದಲಿಂದ ಎಳೆದರು. "ಇಷ್ಟು ದೂರವಾ?" ಎಂದು ಕೇಳಿದರು. ಆಮೇಲೆ ಅವರ ಬೆರಳು ಮೇಲಿನ ಅಂಚಿಗೆ ಹೋಯಿತು.

"ಇದ್ಯಾಕಮ್ಮ ಇಲ್ಲಿಂದ ಮೆಟ್ಟಿಲು ಹತ್ತಿದ ಹಾಗಿದೆ?"

ಬುಗುರಿ ತಲೆ ತಗ್ಗಿಸಿದಳು. "ಅವಳು ಹಾರಿದಾಗ ನಾನೂ ಹಾರಿಬಿಟ್ಟೆ ಅಂಕಲ್. ಸ್ಟ್ಯಾಂಡ್ ಕೈಯಲ್ಲೇ ಇತ್ತು. ಬೇಕಂತ ಮಾಡಿದ್ದಲ್ಲ."

ಅವರು ಅಂಚನ್ನೇ ನೋಡುತ್ತಾ ನಿಂತರು. ಮಿಡತೆ ಕೂಡ ಈಗಷ್ಟೇ ಕಂಡವಳಂತೆ ಅದನ್ನು ನೋಡಿದಳು. ಅವರು ಕ್ಯಾಬಿನ್ ಹತ್ತಿ, ಹಳೆಯ ಫೋಟೋದ ಪಕ್ಕ ಇದನ್ನು ಇಟ್ಟು, ಅಂಚನ್ನು ಒಂದಿಷ್ಟೂ ಮಡಿಸದೆ, ಪ್ರತಿ ಮೆಟ್ಟಿಲಿಗೂ ಒಂದೊಂದು ತುಂಡು ಟೇಪು ಹಚ್ಚಿದರು.

"ದಾರೀಲಿ ಯಾರಾದ್ರೂ ಕೇಳೇ ಕೇಳ್ತಾರೆ," ಎಂದರು ಕಿಟಕಿಯಿಂದ ಬಗ್ಗಿ. "ಈ ಹಾರ್ತಿರೋಳು ನನ್ನ ಮಗಳು, ಈ ಅಂಚು ಅವಳ ಗೆಳತಿ ಅಂತ ಹೇಳ್ತೀನಿ."

ಮಿಡತೆ ಬುಗುರಿಯ ಕೈಯನ್ನು ಜೋರಾಗಿ ಹಿಂಡಿದಳು.

ಲಾರಿ ಹೊರಟಿತು. ಎಂದಿನಂತೆ ಮಿಡತೆ ಕೈ ಬೀಸುತ್ತಾ ಅದರ ಹಿಂದೆ ಓಡಿದಳು. ಬುಗುರಿ ದೀಪದ ಕಂಬದ ಪಕ್ಕ ನಿಂತಲ್ಲೇ ನಿಂತಳು. ಯಾರೂ ಅವಳಿಗೆ ಕಲ್ಲಾಗು ಎಂದಿರಲಿಲ್ಲ. ಅಂಗಡಿಯ ಮುಂದೆ ಒಬ್ಬಳು ಮಿಡತೆ, ನಲ್ಲಿಯ ಹತ್ತಿರ ಒಬ್ಬಳು, ಹಸಿರು ಗೇಟಿನ ಎದುರು ಒಬ್ಬಳು, ತಿರುವಿನಲ್ಲಿ ಒಂದು ಕೈ ಮೇಲೆತ್ತಿದವಳು ಒಬ್ಬಳು. ಬುಗುರಿ ಅವರೆಲ್ಲರನ್ನೂ ಒಂದೇ ಬೀದಿಯಲ್ಲಿ ಕಂಡಳು.

ಕೊನೆಯವಳನ್ನೂ ನೋಡಿ ಮುಗಿಸಿದ ಮೇಲೆ, ಅವಳೂ ಆ ಕಡೆಗೆ ಓಡಿದಳು.