ಮಾಸ್ಕಿನ ಒಳಗಿನ ನೀಲಿ

"ನನ್ನ ಮಗನ ಗಡ್ಡ ತೆಗೆಸ್ಲಿಕ್ಕೆ ನೀನು ಯಾರು?"

ಸೈನಬಮ್ಮನ ಆ ಒಂದು ಮಾತಿಗೆ ಬಂಟ್ವಾಳದ ಆ ಮನೆಯಲ್ಲಿ ಎಲ್ಲರ ಕೈಯ ಚಾ ಅಲ್ಲಲ್ಲೇ ನಿಂತಿತು. ಸೊಸೆ ಸಜ್ನಾ ತಲೆ ತಗ್ಗಿಸಿದಳು. ಅವಳ ಕೈಯಲ್ಲಿ ಒರೆಸುವ ಬಟ್ಟೆಯೊಂದಿಗೆ ಗಂಡ ಇಹ್ಸಾನನ ಮಾಸ್ಕು ಇತ್ತು, ಎರಡು ಬದಿಗೂ ಫಿಲ್ಟರ್ ಡಬ್ಬಿ ಇರುವ ರಬ್ಬರಿನ ಮಾಸ್ಕು. ಇಹ್ಸಾನ್ ಗ್ಯಾರೇಜೊಂದರಲ್ಲಿ ಕಾರುಗಳಿಗೆ ಬಣ್ಣ ಸ್ಪ್ರೇ ಮಾಡುವವನು. ದಿನಾ ಅವನ ಮಾಸ್ಕು ಒರೆಸಿಡುವವಳು ಸಜ್ನಾ. ನಿನ್ನೆ ಸಂಜೆ ಅದರ ಒಳಬದಿ ಒರೆಸಿದಾಗ ಬಿಳಿ ಬಟ್ಟೆ ನೀಲಿಯಾಗಿತ್ತು... ಹೊರಗೇ ನಿಲ್ಲಬೇಕಾದ ಬಣ್ಣ ಗಡ್ಡದ ಸಂದಿನಿಂದ ನುಸುಳಿ ಗಂಡನ ಮೂಗಿನವರೆಗೂ ಬಂದುಬಿಟ್ಟಿತ್ತು! ಅದನ್ನು ಕಂಡ ಹೆಂಡತಿ ಸುಮ್ಮನಿರುವುದಾದರೂ ಹೇಗೆ?

"ಮಾಮಿ, ಗಡ್ಡ ಇದ್ದರೆ ಇದು ಮುಖಕ್ಕೆ ಅಂಟಿ ಕೂರುದಿಲ್ಲ. ತಲೆಯಿಡೀ ಮುಚ್ಚಿ ಒಳಗೆ ಒಳ್ಳೆ ಗಾಳಿ ಊದುವಂಥದ್ದು ಬೇರೆ ಉಂಟಂತೆ, ಅದಕ್ಕೆ ಗಡ್ಡ ಇದ್ದರೂ ಆಗ್ತದಂತೆ. ಗ್ಯಾರೇಜಿನವರು ಅದನ್ನು ತರಿಸುವವರೆಗೆ ಮಾತ್ರ..."

"ಹೆಂಡತಿಯ ಮಾತಿಗೆ ಗಡ್ಡ ತೆಗೆದ ಅಂತ ಊರಿಡೀ ಆಡಿಕೊಳ್ತದೆ. ಆಗ ನಾನು ಮುಖ ಎಲ್ಲಿಡಲಿ?"

ಇಹ್ಸಾನನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯದು. "ಇವತ್ತೊಂದು ದಿನ ಹೀಗೇ ಹೋಗ್ತೇನೆ, ಕೊಡು ಮಾರಾಯ್ತಿ" ಎಂದು ಕೈ ಚಾಚಿದ.

ಸಜ್ನಾ ಕೊಡಲಿಲ್ಲ. ಈ ಮನೆಗೆ ಬಂದ ಎರಡು ವರ್ಷದಲ್ಲಿ ಒಮ್ಮೆಯೂ ದನಿ ಏರಿಸದ ಹುಡುಗಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಬೇಕಾದರೆ ನನ್ನನ್ನು ಮುಂಡಾಜೆಗೆ, ತವರಿಗೆ ಕಳಿಸಿ ಮಾಮಿ. ಈಗಲೇ ಹೊರಡ್ತೇನೆ. ಆದರೆ ಇವರನ್ನು ಹೀಗೆ ಕಳಿಸುದಿಲ್ಲ..."

ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ಎಂಥ ಗಟ್ಟಿ ಹೆಣ್ಣು ಅದು!

"ಆ ಬಟ್ಟೆ ಇಲ್ಲಿ ತಾ ಮಗಳೇ."

ಕಿಟಕಿಯ ಬಳಿಯ ಕುರ್ಚಿಯಿಂದ ಮಾತಾಡಿದವರು ಮಾವ ಮೂಸಬ್ಬ. ಇಪ್ಪತ್ತೆರಡು ವರ್ಷ ಸೌದಿಯ ದಮಾಮಿನಲ್ಲಿ ಇದೇ ಬಣ್ಣದ ಕೆಲಸ ಮಾಡಿ ಬಂದವರು. ಈಗ ಹತ್ತು ಹೆಜ್ಜೆ ನಡೆದರೆ ಕೂತು ಏದುಸಿರು ಬಿಡಬೇಕು. ಅದೆಲ್ಲ ಮರುಭೂಮಿಯ ಧೂಳಿನದೇ ಕಾಟ ಎಂದು ಸೈನಬಮ್ಮ ನಂಬಿದ್ದರು. ಮೂಸಬ್ಬ ಬಟ್ಟೆಯನ್ನು ತುಂಬ ಹೊತ್ತು ನೋಡಿದರು.

"ಧೂಳು ಅಲ್ಲ ಸೈನಬಾ... ನಾನು ಮೂಗಿಗೆ ಕಟ್ಟುತ್ತಾ ಇದ್ದದ್ದು ಒದ್ದೆ ಬೈರಾಸು, ಮೈ ಒರೆಸುವ ಬಟ್ಟೆ. ಬಿಚ್ಚಿದರೆ ಒಳಗೆಲ್ಲ ಹೀಗೇ ಬಣ್ಣ. ನಾನೇ ಒಗೆದು ಹಾಕ್ತಿದ್ದೆ, ನಿನಗೆ ಹೇಳಲಿಲ್ಲ." ಉಸಿರು ಸಾಲದೆ ನಿಲ್ಲಿಸಿದರು. ಮತ್ತೆ ಸೊಸೆಯತ್ತ ಕೈ ತೋರಿಸಿದರು. "ನನಗೆ ಅಲ್ಲಿ ಹೀಗೆ ಬಾಗಿಲಿಗೆ ಅಡ್ಡ ನಿಲ್ಲುವವರು ಯಾರೂ ಇರ್ಲಿಲ್ಲ."

ಸೈನಬಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಇಷ್ಟು ವರ್ಷ ಈ ಮನುಷ್ಯ ಒಬ್ಬರೇ ನುಂಗಿಕೊಂಡ ಸಂಗತಿ... ಸೈನಬಮ್ಮ ಒಳಗೆ ಹೋದರು. ಮರಳಿ ಬಂದಾಗ ಒಂದು ಕೈಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ರೇಜರ್.

"ಕೂತುಕೋ" ಎಂದರು ಮಗನಿಗೆ.

ಗಡ್ಡ ಹೋದ ಮೇಲೆ ಇಹ್ಸಾನ್ ಮಾಸ್ಕು ಕಟ್ಟಿ, ಎರಡೂ ಡಬ್ಬಿಗಳಿಗೆ ಅಂಗೈ ಮುಚ್ಚಿ ಮೆಲ್ಲಗೆ ಉಸಿರೆಳೆದ. ರಬ್ಬರು ಒಳಕ್ಕೆ ಎಳೆದುಕೊಂಡು ಕೆನ್ನೆಗೆ ಅಂಟಿ ನಿಂತಿತು. ಮೂಸಬ್ಬ ಬೆರಳಿನಿಂದ ಅಂಚನ್ನು ಸುತ್ತ ಮುಟ್ಟಿ ನೋಡಿ, ಹೋಗಿ ಬಾ ಎಂದರು.

ಮರುವಾರ ಕಕ್ಕಿಂಜೆಯಲ್ಲಿ ನೆಂಟರ ಮದುವೆ. ಹೆಂಗಸರ ಊಟದ ಸಾಲಿನಲ್ಲಿ ದೂರದ ಸಂಬಂಧಿ ರುಖಿಯಮ್ಮ ಎಲ್ಲರಿಗೂ ಕೇಳುವ ಹಾಗೆಯೇ ಕೆಣಕಿದರು. "ಏನು ಸೈನಬಾ, ಮಗನ ಗಡ್ಡ ಸೊಸೆ ತೆಗೆಸಿದ್ದಂತೆ?"

ಸಜ್ನಾ ಎತ್ತಿದ ತುತ್ತನ್ನು ಬಟ್ಟಲಿಗೆ ಇಳಿಸಿದಳು.

"ಅವಳಲ್ಲ, ನಾನು ತೆಗೆಸಿದ್ದು" ಎಂದರು ಸೈನಬಮ್ಮ. "ಕೇಳುದಿದ್ದರೆ ನನ್ನನ್ನು ಕೇಳಿ."

ಮತ್ತೆ ತನ್ನ ಬಟ್ಟಲಿನ ಮಾಂಸದ ತುಂಡನ್ನು ಸೊಸೆಯ ಬಟ್ಟಲಿಗೆ ಹಾಕಿ, "ತಿನ್ನು ಮಗಳೇ, ತಣ್ಣಗಾಗ್ತದೆ" ಎಂದರು.