ಗುಂಡನ ಜೊತೆ ಜಲಪಾತಕ್ಕೆ

“ಗುಂಡನೂ ಬರ್ತಾನೆ” ಎಂದು ಅವನು ಫೋನಿನಲ್ಲಿ ಹೇಳಿದಾಗ, ಅವನ ಯಾರೋ ಗೆಳೆಯನಿರಬೇಕು ಎಂದುಕೊಂಡಿದ್ದಳು ಭೂಗೋಳದ ಟೀಚರ್. ಮೂವರಿಗಾಗುವಷ್ಟು ಬ್ರೆಡ್ಡು, ಮೊಟ್ಟೆ ಕಟ್ಟಿಕೊಂಡು ಗೇಟಿಗೆ ಬಂದರೆ, ಕಾರಿನ ಮುಂದಿನ ಸೀಟಿನಲ್ಲಿ ಕರಡಿಮರಿಯಂಥ ಕಂದು ನಾಯಿಯೊಂದು ಕೂತಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

“ಇದೇನಿದು?”

“ಗುಂಡ. ಹೋದ ತಿಂಗಳು ಅಂಗಡಿ ಬಾಗಿಲಿಗೆ ಬಂದು ಕೂತವನು, ಏಳಲೇ ಇಲ್ಲ. ಹಿಂದೆ ಕೂರಿಸಿದ್ರೆ ವಾಂತಿ ಮಾಡ್ಕೋತಾನೆ. ನೀನು ಸ್ವಲ್ಪ...”

“ನಾಯಿ ಮುಂದೆ, ನಾನು ಹಿಂದೆ?”

“ಬೈಬೇಡ ಟೀಚರಮ್ಮ. ಅವನಿಗೆ ಬೇಜಾರಾಗುತ್ತೆ.”

ಅವನು ಬಡಗಿ, ಅವಳ ಭಾವನ ತಮ್ಮ. ಅವಳು ವರ್ಷಗಟ್ಟಲೆ ಬೋರ್ಡಿನ ಮೇಲೆ ಪ್ರಕೃತಿಯೇ ಕೊರೆದ ಕಲ್ಲಿನ ಕಮಾನು, ಜಲಪಾತ ಬರೆದು ಮಕ್ಕಳಿಗೆ ಪಾಠ ಮಾಡಿದ್ದಳು. ಎರಡನ್ನೂ ಕಣ್ಣಾರೆ ಕಂಡಿರಲಿಲ್ಲ. “ಒಂದಿನ ಕರ್ಕೊಂಡು ಹೋಗ್ತೀನಿ” ಎಂದು ಅವನು ಹೇಳುತ್ತಲೇ ಬಂದಿದ್ದ. ಆ ದಿನ ಕೊನೆಗೂ ಬಂದಿತ್ತು, ನಾಯಿ ಸಮೇತ.

ದಾರಿಯುದ್ದಕ್ಕೂ ಗುಂಡನ ಕೂದಲು ಹಾರಿಬಂದು ಅವಳ ತುಟಿಗೆ ಅಂಟಿತು. ಕನ್ನಡಿಯಲ್ಲಿ ಬಡಗಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅವಳು ನೋಡಿದೊಡನೆ ರಸ್ತೆಗೆ ತಿರುಗುತ್ತಿದ್ದವು. ಹೇಳಬೇಕಾದ್ದೊಂದು ಅವನ ಗಂಟಲಲ್ಲಿ ಸಿಕ್ಕಿಕೊಂಡು ಎಷ್ಟು ವರ್ಷವಾಯಿತೆಂದು ಅವಳಿಗೆ ಗೊತ್ತಿತ್ತು. ಅದೇ ಅವಳ ಸಿಟ್ಟಿನ ಮೂಲ.

ಮೊದಲು ಕಲ್ಲಿನ ಕಮಾನು ನೋಡಲು ಹೋದರೆ, ಗೇಟಿನಲ್ಲಿ ನಾಯಿಗೆ ಪ್ರವೇಶವಿಲ್ಲ ಎಂದರು. “ನೀನು ನೋಡ್ಕೊಂಡು ಬಾ, ನಾವಿಲ್ಲೇ ಇರ್ತೀವಿ” ಎಂದ ಬಡಗಿ. ಅವಳು ಒಬ್ಬಳೇ ಹತ್ತಿದಳು. ಬೆಟ್ಟಕ್ಕೆ ಬೆಟ್ಟವೇ ಬಾಗಿ ನಿಂತಂತಿತ್ತು. ಎದೆ ತುಂಬಿ, “ನೋಡೋ!” ಎನ್ನುತ್ತ ಪಕ್ಕಕ್ಕೆ ತಿರುಗಿದರೆ, ಯಾರೋ ಅಪರಿಚಿತರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಕಾದದ್ದು ಇದಕ್ಕೇನಾ?

ಕೆಳಗಿಳಿದು ಬಂದರೆ ಬ್ರೆಡ್ಡಿನ ಡಬ್ಬಿ ಖಾಲಿ. ಗುಂಡ ಮೀಸೆ ನೆಕ್ಕುತ್ತಿದ್ದ.

“ಹೇಗಿತ್ತು?”

“ದೊಡ್ಡದಾಗಿತ್ತು,” ಎಂದು ಬಾಗಿಲು ಧಡಾರನೆ ಹಾಕಿಕೊಂಡಳು.

ಜಲಪಾತದ ದಾರಿಯಲ್ಲಿ ತಡೆಯಲಾರದೆ ಹೇಳಿಯೇಬಿಟ್ಟಳು. “ದೂರದ ಊರಿನ ಶಾಲೆಯಿಂದ ಕರೆದಿದ್ದಾರೆ. ಹೆಡ್‌ಮಿಸ್ ಕೆಲಸ. ಹೂಂ ಅನ್ನಬೇಕೋ ಬೇಡವೋ ಗೊತ್ತಾಗ್ತಿಲ್ಲ.”

“ಒಳ್ಳೇದಲ್ವಾ? ಹೋಗು.”

“ಅಷ್ಟೇನಾ?”

“ಮತ್ತಿನ್ನೇನು?”

ಸ್ಟಿಯರಿಂಗ್ ಕಿತ್ತು ಅವನ ತಲೆಯ ಮೇಲೆ ಕುಟ್ಟಬೇಕೆನಿಸಿತು ಅವಳಿಗೆ.

ಜಲಪಾತದ ಬಳಿ ಕಾರಿನ ಬಾಗಿಲು ತೆಗೆದದ್ದೇ ತಡ, ಗುಂಡ ಹಗ್ಗ ಬಿಡಿಸಿಕೊಂಡು ಓಟ ಕಿತ್ತ. ಅವನ ಹಿಂದೆ ಬಡಗಿ, ಬಡಗಿಯ ಹಿಂದೆ ಅವಳು. ಪಾಚಿಯ ಮೇಲೆ ಬಡಗಿ ಜಾರಿದ. ಹಿಡಿಯಲು ಹೋದ ಅವಳೂ ಬಿದ್ದಳು. ಮೊಣಕಾಲುದ್ದದ ನೀರಿನಲ್ಲಿ ಇಬ್ಬರೂ ಒದ್ದೆಮುದ್ದೆ. ಗುಂಡ ದಡದಲ್ಲಿ ಬಾಲ ಆಡಿಸುತ್ತ ನಿಂತಿದ್ದ.

“ಹೋಗಬೇಡ ಅನ್ನೋಕೆ ನಿನಗೇನು ಧಾಡಿ?” ಅವಳು ಕಿರುಚಿದಳು.

“ಏನು? ಕೇಳಿಸ್ತಿಲ್ಲ!”

“ಒಂದು ಸಲ ಬಾಯಿಬಿಟ್ಟು ನನ್ನ ತಡಿಯೋಕೆ ಆಗಲ್ವಾ ಅಂದೆ!”

ಬಂಡೆಯ ಮೇಲಿದ್ದ ಜನವೆಲ್ಲ ತಿರುಗಿ ನೋಡಿದರು. ಅವನು ಎದ್ದು ಹತ್ತಿರ ಬಂದು, ಅವಳ ಕಿವಿಯ ಬಳಿ ಬಾಗಿದ.

“ನಾನ್ಯಾಕೆ ತಡೀಲಿ? ಈ ಕೆಲಸದ ವಿಷಯ ಅತ್ತಿಗೆ ನನಗೆ ಆಗಲೇ ಹೇಳಿದ್ರು. ಬಾಗಿಲು, ಕಿಟಕಿ ಇಲ್ಲದ ಊರು ಎಲ್ಲಿದೆ ಹೇಳು? ಬಡಗಿಗೆ ಎಲ್ಲಾದರೂ ಕೆಲಸ ಸಿಗುತ್ತೆ. ನಾಯಿ ಸಾಕೋಕೆ ಬಿಡೋ ಮನೆ ಬೇಕು ಅಂತ ಅಲ್ಲಿ ಇಬ್ಬರಿಗೆ ಫೋನೂ ಮಾಡಿದ್ದೆ.”

ಅವಳು ದಡಬಡನೆ ಎದ್ದು ನಿಂತಳು. “ಮನೆ ಕೇಳಿದೆ. ನನ್ನ ಕೇಳಲಿಲ್ಲ!”

“ಮನೆ ಕೇಳೋದು ಸುಲಭ. ನಿನ್ನ ಕೇಳೋದೇ ಕಷ್ಟ.”

ಸಿಟ್ಟಿಗೆ ಅವನ ತೋಳು ಹಿಡಿದು ಅಲುಗಿಸಿದಳು. ಆಮೇಲೆ ಬಿಡಲು ಮರೆತಳು. ಅವನ ರೆಪ್ಪೆಯ ತುದಿಯಲ್ಲಿ ನೀರಹನಿಯೊಂದು ತೂಗುತ್ತಿತ್ತು. ಈ ಸಲ ಆ ಕಣ್ಣುಗಳು ಎಲ್ಲೂ ತಿರುಗಲಿಲ್ಲ.

“ಈಗ ಕೇಳು,” ಎಂದಳು.

ಅವನು ಕೇಳಿದ. ಆದರೆ ಎಷ್ಟು ಮೆಲ್ಲಗೆ ಕೇಳಿದನೆಂದರೆ, ನೀರಿನ ಭೋರ್ಗರೆತದಲ್ಲಿ ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ.

“ಹೂಂ,” ಎಂದಳು.